ಎಡಗಡೆ ಪೆಟ್ಟಿಗೆಯ ಕೆಂಪು ವೈರು

ಶಿವಪುತ್ರ,

ನಿನ್ನ ಹಳೇ ನಂಬರ್ ಈಗ ಬೇರೆ ಯಾರದೋ ಆಗಿದೆ. ಇದನ್ನು ಎಲ್ಲಿಗೆ ಕಳಿಸಬೇಕೋ ಗೊತ್ತಿಲ್ಲ.

ಐದು ವರ್ಷದ ಹಿಂದೆ ನಾವಿಬ್ಬರೂ ಸೇರಿ ಕಟ್ಟಿದ ಸ್ಪೀಕರ್‌ಗಳಲ್ಲಿ ಎಡಗಡೆಯದು ಈಚೆಗೆ ಕರಕರ ಎನ್ನುತ್ತಿತ್ತು. ಇವತ್ತು ಬೆಳಿಗ್ಗೆ ಬಿಚ್ಚಿದೆ. ಕರಕರಕ್ಕೆ ಕಾರಣ ಬರೀ ಧೂಳು, ಒರೆಸಿದೆ. ಗರುಡಾಚಾರ್‌ಪಾಳ್ಯದ ಫರ್ನಿಚರ್ ಶೆಡ್ಡಿನಲ್ಲಿ ನೀನು ಕೊಯ್ದು ಕೂಡಿಸಿದ ಹಲಗೆಗಳು ಕೂದಲೆಳೆಯಷ್ಟೂ ಬಿಟ್ಟುಕೊಂಡಿಲ್ಲ. ಆದರೆ ಒಳಗೆ, ನಾನು ಬೆಸುಗೆ ಹಾಕಿದ ಕಡೆ, ಕೆಂಪು ವೈರು ಕಪ್ಪು ವೈರಿನ ಜಾಗದಲ್ಲಿತ್ತು. ಹಾಗಾದರೆ ಒಂದು ಪೆಟ್ಟಿಗೆ ಮುಂದಕ್ಕೆ ತಳ್ಳುವ ದನಿಯನ್ನು ಇನ್ನೊಂದು ಹಿಂದಕ್ಕೆ ಎಳೆಯುತ್ತದೆ.

ಮೊದಲ ಸಲ ಹಾಡು ಹಾಕಿದ ದಿನವೇ ನೀನು ಹೇಳಿದ್ದೆ: "ದನಿ ನಡುವ ನಿಂದ್ರವಲ್ದು ನೋಡೋ ಜಯಂತ, ಎರಡೂ ಕಡಿಗೆ ಹರಕೊಂಡು ಹೊಂಟದ." ಕುಕ್ ಟೌನಿನ ನನ್ನ ಗೆಳೆಯರೆಲ್ಲ ಅಲ್ಲೇ ಕೂತಿದ್ದರು. "ನೀನು ಹಲಗೆ ಕೊಯ್ಯೋನು ಗುರು, ಕಿವಿ ವಿಷ್ಯ ನಂಗ್ಬಿಡು" ಅಂದೆ. ಎಲ್ಲರೂ ನಕ್ಕರು. ನೀನೂ ನಕ್ಕೆ. ಆಮೇಲೆ ಹೊರಮಾವಿನ ನಮ್ಮ ಮನೆಗೆ ನೀನು ಕಾಲಿಡಲಿಲ್ಲ.

ವೈರುಗಳನ್ನು ಅದಲುಬದಲು ಮಾಡಿ ಅದೇ ಹಾಡು ಹಾಕಿದೆ. ಹಾಡುವವಳು ನೇರವಾಗಿ ಬಂದು ಎರಡು ಪೆಟ್ಟಿಗೆಗಳ ನಡುವೆ ನಿಂತಳು. ತಂಗಿ ಮಧುರಾ ಅಡುಗೆಮನೆಯಿಂದ ಓಡಿಬಂದಳು.

"ಏನ್ ಮಾಡ್ದೆ ಅಣ್ಣ? ಇಲ್ಲೇ ನಿಂತು ಹಾಡ್ದಂಗಿದೆ!"

"ಏನಿಲ್ಲ, ಒಂದು ವೈರ್ ಲೂಸಾಗಿತ್ತು" ಅಂದೆ.