ಏನು ಕೊಟ್ಟಾದರೂ ಸರಿ

ಚಾಮರಾಜಪೇಟೆ
೧೮-೮-೧೯೫೧

ಮಿಲ್ಲಿನ ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿ ವೃಷಭೇಂದ್ರಪ್ಪನವರಿಗೆ ನಮಸ್ಕಾರ.

ಕಲ್ಕತ್ತೆಯ ಕ್ಲಬ್ಬು ಬಿಟ್ಟು ಎಲ್ಲೂ ಸೇರದೆ ಕೂತಿದ್ದ ಆ ಗೋಲು ಹೊಡೆಯೋ ಸೆಂಟರ್ ಫಾರ್ವರ್ಡನ್ನ ನಮ್ಮ ಟೀಮಿಗೆ ಕರೆಸಿ ಅಂತ ಹಠ ಹಿಡಿದವನು ನಾನೇ. ತುಂಬಾ ದುಬಾರಿಯಾಗುತ್ತೆ ಅಂದ ಗೆಳೆಯ ಶಂಭುಲಿಂಗಪ್ಪನ ಜೊತೆ ಹೋಟೆಲಿನಲ್ಲಿ ಜಗಳವಾಡಿ ಮಾತು ಬಿಟ್ಟೆ. ನಿಮಗೆ ಕೊಟ್ಟ ಅರ್ಜಿಗೆ ಅರವತ್ತು ಜನರ ಸಹಿ ಹಾಕಿಸಿದೆ. ‘ಏನು ಕೊಟ್ಟಾದರೂ ಸರಿ’ ಅನ್ನುವ ಸಾಲೂ ನನ್ನದೇ.

ಆಟಗಾರರಿಗೆ ಕ್ಲಬ್ಬು ಸಂಬಳ ಕೊಡುವಂತಿಲ್ಲ, ಮಿಲ್ಲಿನಲ್ಲಿ ಕೆಲಸ ಕೊಟ್ಟೇ ಕರೆಸಬೇಕು ಅನ್ನೋದು ನನಗೆ ಗೊತ್ತಿತ್ತು. ಅಲ್ಲಿ ಒಂದು ಕೆಲಸವೂ ಖಾಲಿ ಇಲ್ಲ ಅನ್ನೋದನ್ನ ಯೋಚಿಸಲಿಲ್ಲ. ಸೋಮವಾರ ಮಿಲ್ಲಿನ ಆಫೀಸಿಗೆ ಕೆಲಸಕ್ಕೆ ಹೋದರೆ ನನ್ನ ಕುರ್ಚಿಯಲ್ಲಿ ಅವನು ಕೂತಿದ್ದ. ನಾನು ಹಂಗಾಮಿ ಗುಮಾಸ್ತನಂತೆ, ಅದಕ್ಕೇ ನನ್ನನ್ನ ತೆಗೆದರಂತೆ. ಏಳು ವರ್ಷದಿಂದ ಹಂಗಾಮಿ.

ಇರಲಿ. ಮೇಜಿನ ಡ್ರಾಯರಿನಲ್ಲಿ ನನ್ನ ಕನ್ನಡಕ ಉಳಿದಿದೆ, ದಯವಿಟ್ಟು ಕಳಿಸಿಕೊಡಿ. ಮನೆಗೆ ಬೇಡ, ಹೆಂಡತಿ ತುಳಸಮ್ಮನಿಗೆ ಇನ್ನೂ ಹೇಳಿಲ್ಲ. ಅವಳು ಕಟ್ಟಿಕೊಟ್ಟ ಬುತ್ತಿ ಹಿಡಿದು ದಿನಾ ಮಿಲ್ಲಿನ ಮೈದಾನಕ್ಕೇ ಬಂದು ಕೂರ್ತೀನಿ. ಪ್ರಾಕ್ಟೀಸಿಗೆ ಬರುವಾಗ ಅವನ ಕೈಯಲ್ಲೇ ಕೊಟ್ಟು ಕಳಿಸಿ.

ನಿನ್ನೆ ಅವನು ಖಾಲಿ ಗೋಲಿನ ಮುಂದೆ ನಿಂತು ಮೂರು ಸಲ ಹೊರಗೆ ಒದ್ದ. ಅಷ್ಟಂತೂ ಕನ್ನಡಕ ಇಲ್ಲದೆಯೂ ಕಾಣಿಸಿತು.

ಇತಿ, ಅರ್ಜಿಯ ಮೊದಲ ಸಹಿಯವನು,
ದೊರೆಸ್ವಾಮಿ