ಕಣ್ಣು ಮಿಟುಕಿಸಿದ ಗೊಂಬೆ

ಹಾಸ್ಟೆಲ್,
ಬುಧವಾರ ಸಂಜೆ

ನನ್ನ ಮುದ್ದು ಗುಬ್ಬಿಗೆ ಅಮ್ಮನ ನೂರು ಮುತ್ತು.

ಮಂಡಿನೋವು, ಓದು ಸಾಕು, ಶನಿವಾರ ಬಂದು ಮನೆಗೆ ಕರೆದುಕೊಂಡು ಹೋಗು ಎಂದು ಹೋದ ವಾರ ಬರೆದಿದ್ದೆನಲ್ಲ, ನೀನು ಹೊರಡುವ ಮೊದಲೇ ಇದು ಕೈಸೇರಲಿ ಎಂದು ಬಸ್ಸಿಳಿದವಳೇ ಬರೆಯಲು ಕುಳಿತಿದ್ದೇನೆ. ಅಯ್ಯೋ, ಇವತ್ತು ಏನಾಯಿತು ಗೊತ್ತೇನೇ! ನಗಬೇಡ. ಬೇಡ, ನಕ್ಕುಬಿಡು, ನನಗೇ ತಡೆಯಲಾಗುತ್ತಿಲ್ಲ.

ಐವತ್ತೆರಡನೇ ವಯಸ್ಸಿಗೆ ಇತಿಹಾಸ ಓದುತ್ತೇನೆಂದು ಹೊರಟ ನಿನ್ನಮ್ಮ ಇವತ್ತು ತಾನೇ ಇತಿಹಾಸವಾಗಿಬಿಟ್ಟಳು. ಮೇಷ್ಟ್ರು ಇಡೀ ತರಗತಿಯನ್ನು ಈ ಊರಿನ ಮ್ಯೂಸಿಯಂಗೆ ಕರೆದೊಯ್ದಿದ್ದರು. ಮಹಡಿಯಲ್ಲಿ ಒಂದು ಹಳೆಯ ಟೈಲರ್ ಅಂಗಡಿಯನ್ನು ಇದ್ದ ಹಾಗೇ ಜೋಡಿಸಿಟ್ಟಿದ್ದಾರೆ. ಇದ್ದಿಲಿನ ಇಸ್ತ್ರಿಪೆಟ್ಟಿಗೆ, ಗುಂಡಿಗಳ ಡಬ್ಬಿ, ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ. ಅಂಥದ್ದನ್ನು ತುಳಿದೇ ಅಲ್ಲವೇ ನಿನ್ನನ್ನು ಸಾಕಿದ್ದು! ಹುಡುಗ ಹುಡುಗಿಯರೆಲ್ಲ ಮುಂದಿನ ಕೋಣೆಗೆ ಹೋಗಿಬಿಟ್ಟರು. ಹಾಳು ಮಂಡಿ ಬೇರೆ. ಒಂದೇ ನಿಮಿಷ ಎಂದುಕೊಂಡು ಅಡ್ಡಕಟ್ಟಿದ್ದ ಹಗ್ಗ ದಾಟಿ ಸ್ಟೂಲಿನ ಮೇಲೆ ಕುಳಿತೆ.

ಅಷ್ಟರಲ್ಲಿ ಶಾಲೆಯ ಮಕ್ಕಳ ದಂಡು ಬಂತು. ಅವರ ಟೀಚರ್ ನನ್ನತ್ತ ಬೆರಳು ತೋರಿಸಿ, ಹಿಂದೆಲ್ಲ ಹೀಗೇ ಕೂತು ಬಟ್ಟೆ ಹೊಲೀತಿದ್ರು, ಗೊಂಬೆ ಎಷ್ಟು ಚೆನ್ನಾಗಿ ಮಾಡಿದ್ದಾರೆ ನೋಡಿ ಅಂತ ವಿವರಿಸಿದರು. ಎದ್ದು ನಿಲ್ಲಲು ನನಗೆ ನಾಚಿಕೆ! ಪಾಪ, ಅವರ ಮಾನವೂ ಹೋಗಬಾರದಲ್ಲ. ಉಸಿರು ಬಿಗಿಹಿಡಿದು ಗೊಂಬೆಯಾದೆ. ಗೊಂಬೆ ಕಣ್ಣು ಮಿಟುಕಿಸ್ತು ಅಂತ ಒಬ್ಬಳು ಗೇಣುದ್ದದ ಹುಡುಗಿ ಕೂಗಿದಳು. ಯಾರೂ ನಂಬಲಿಲ್ಲ. ಅವಳು ಬಿಡುವವಳೇ? ಹಗ್ಗದಡಿ ನುಸುಳಿ ಬಂದು ನನ್ನ ಮೂಗನ್ನೇ ಮುಟ್ಟಿದಳು. ಸೀನು ಬಂದೇ ಬಂತು. ನನ್ನ ಸೀನು ಎಂಥದ್ದೆಂದು ನಿನಗೆ ಗೊತ್ತಲ್ಲ. ಮಕ್ಕಳು ಚೆಲ್ಲಾಪಿಲ್ಲಿ!

ಕಿರುಚಾಟ ಕೇಳಿ ನಮ್ಮ ತರಗತಿಯವರೆಲ್ಲ ಓಡಿಬಂದರು. ಕಾವಲುಗಾರ ಬಂದ, ಮ್ಯೂಸಿಯಂ ನೋಡಿಕೊಳ್ಳುವ ಮೇಡಂ ಬಂದರು. ಇವತ್ತು ಮಂಗಳಾರತಿ ಖಂಡಿತ ಎಂದುಕೊಂಡೆ. ಆಕೆಯೋ ಹೊಟ್ಟೆ ಹಿಡಿದುಕೊಂಡು ನಕ್ಕು, ಹೇಗೂ ಕೂತಿದ್ದೀರಲ್ಲ, ಸ್ವಲ್ಪ ತುಳಿದು ತೋರಿಸಿ ಅಂದರು. ತುಳಿದೆ. ಕಾಲು ಏನನ್ನೂ ಮರೆತಿಲ್ಲ ಕಣೇ! ಬಾಯಿಯಾದರೂ ಸುಮ್ಮನಿರಬೇಕಲ್ಲ. ತಾವು ವರ್ಷ ವರ್ಷ ದಪ್ಪಗಾಗುತ್ತ, ಬಟ್ಟೆ ಬಿಗಿ ಹೊಲಿದಿದ್ದೀಯ ಎಂದು ನನ್ನ ಮೇಲೆ ಹರಿಹಾಯುತ್ತಿದ್ದ ಗಿರಾಕಿಗಳ ಕಥೆಯನ್ನೆಲ್ಲ ಬಿಚ್ಚಿದೆ. ಬಾಗಿಲು ಹಾಕುವ ಹೊತ್ತಾದರೂ ಯಾರೂ ಕದಲಲಿಲ್ಲ. ಇನ್ನು ಪ್ರತಿ ಭಾನುವಾರ ನಾನು ಅಲ್ಲಿ ಹೋಗಿ ಕೂರಬೇಕಂತೆ!

ಹಾಗಾಗಿ ಶನಿವಾರ ಖಂಡಿತ ಬಾ, ಆದರೆ ನನ್ನ ಪೆಟ್ಟಿಗೆ ಹೊರಲು ಅಲ್ಲ. ಒಂದು ರಾತ್ರಿ ಉಳಿದು ಮರುದಿನ ನನ್ನನ್ನು ನೋಡಿಕೊಂಡು ಹೋಗು. ನಾನು ಓದು ಬಿಡುವುದಿಲ್ಲ.

ಇಂತಿ,
ನಿನ್ನ ಗೊಂಬೆಯಮ್ಮ

ಮತ್ತೊಂದು ಮಾತು: ಮಂಡಿನೋವು ಸುಳ್ಳು ಕಣೇ, ಮಂಡಿ ಕಲ್ಲಿನ ಹಾಗೆ ಗಟ್ಟಿಯಾಗಿದೆ. ಬಂದಾಗಿನಿಂದ ತರಗತಿಯಲ್ಲಿ ನನ್ನ ಪಕ್ಕ ಒಬ್ಬರೂ ಕೂತಿರಲಿಲ್ಲ. ಇವತ್ತು ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗಾಗಿ ಇಬ್ಬರು ಹುಡುಗಿಯರು ಜಗಳವಾಡಿದರು.