ಸೂತಕದ ಮಂಗಳವಾರ

ಜನವರಿ 9, 2026. ಶುಕ್ರವಾರ

ಕೋಣಂದೂರು ಡೇರಿಗೆ ಹಾಲು ಕಳಿಸಿದೆ. ಹಳೆಯ ಹತ್ತಿ ಸೀರೆಗಳನ್ನು ಬಿಸಿನೀರಲ್ಲಿ ಕುದಿಸಿ ಒಣಗಿಸಿದೆ. ಹುಟ್ಟುವ ಮೂರು ಕೂಸುಗಳ ಎಳೆ ಮೈಗೆ ಮೃದುವಾಗಿರಬೇಕು. ಹರಿದು ಮೂರು ಪಾಲು ಮಾಡಿಟ್ಟೆ.

ಸಂಜೆ ಮಗ ರವೀಶ ಸಾಗರದಿಂದ ಬಂದ. ಹೆಂಡತಿ ಧನ್ಯಶ್ರೀಯನ್ನು ತವರಲ್ಲೇ ಬಿಟ್ಟಿದ್ದಾನೆ. ಸ್ಕ್ಯಾನಿಂಗ್ ಆಯಿತಂತೆ. ಮೂರೂ ಚೆನ್ನಾಗಿವೆ. ಆದರೆ ಅವಳ ಗರ್ಭಕೋಶ ಮೂರನ್ನು ತಡೆಯುವುದಿಲ್ಲ ಅಂತ ಡಾಕ್ಟರು. ಹೀಗೇ ಬಿಟ್ಟರೆ ಮೂರೂ ಹೋಗಬಹುದು, ಅವಳಿಗೂ ಅಪಾಯ. ಈಗಲೇ ಒಂದನ್ನು ತೆಗೆದರೆ ಎರಡು ಉಳಿಯುತ್ತವೆ. ಮಂಗಳೂರಿನಲ್ಲಿ ಮಾಡುತ್ತಾರಂತೆ.

ಯಾವುದನ್ನು ತೆಗೆಯುತ್ತಾರೆ ಅಂತ ಕೇಳಿದೆ. ಮತ್ತೆ ಕೇಳಿದೆ.

"ಸೂಜಿಗೆ ಹತ್ರ ಇರೋದನ್ನ, ಅಮ್ಮ."

ಅಂದರೆ ಅದರ ತಪ್ಪು ಇಷ್ಟೇ — ಮುಂದೆ ಬಂದು ಕೂತದ್ದು.

ನಾನು ಒಪ್ಪಲಿಲ್ಲ. ಎಂಟು ವರ್ಷ ಆಸ್ಪತ್ರೆ ಸುತ್ತಿ ಬಂದ ಜೀವಗಳು. ಈ ಮನೆಯಲ್ಲಿ ದೊಡ್ಡ ಕೆಲಸ ಯಾವುದೂ ಹೊಸನಗರದ ಹತ್ತಿರದ ನಮ್ಮ ದೇವಿ, ಅಮ್ಮನವರ ಹೂ ಕೇಳದೆ ಆಗಿಲ್ಲ. ಬಾವಿ ತೋಡಿಸಿದ್ದೂ, ಇವನ ಮದುವೆಯೂ. ಅಮ್ಮನವರ ಮೈಮೇಲಿಂದ ಹೂ ಬಲಕ್ಕೆ ಬಿದ್ದರೆ ಮೂರೂ ಇರಲಿ. ಎಡಕ್ಕೆ ಬಿದ್ದರೆ ಡಾಕ್ಟರು ಹೇಳಿದ ಹಾಗೆ. ಫೋನಲ್ಲಿ ಧನ್ಯಶ್ರೀ ಕೂಡ ಅತ್ತೆ ಹೇಳಿದ ಹಾಗೆ ಅಂದಳು. ಬುದ್ಧಿ ಇರುವ ಹುಡುಗಿ.

ಜನವರಿ 12

ಅರ್ಚಕರ ಫೋನು. ಅವರ ದೊಡ್ಡಪ್ಪ ಶುಕ್ರವಾರ ತೀರಿಕೊಂಡರಂತೆ. ಸೂತಕ. ನಾಳೆ ಮಂಗಳವಾರವಾದರೂ ದೇವಸ್ಥಾನದ ಬಾಗಿಲು ತೆಗೆಯುವುದಿಲ್ಲ. ಹೂ ಕೊಡುವುದು ಮಂಗಳವಾರ ಮಾತ್ರ. ಇನ್ನು ಸೂತಕ ಕಳೆದ ಮೇಲೆ, 20ಕ್ಕೇ.

ಡಾಕ್ಟರು ಈ ವಾರವೇ ಅಂದಿದ್ದಾರಂತೆ. ಬೇರೆ ಯಾರನ್ನಾದರೂ ಕರೆಸಿ ಬಾಗಿಲು ತೆಗೆಸು ಅಂದ ರವೀಶ. ಬೈದೆ. ಹೋದ ವರ್ಷ ನಮ್ಮೂರಿನ ದುಗ್ಗಮ್ಮ ಸೂತಕ ಮುಚ್ಚಿಟ್ಟು ದೇವಸ್ಥಾನದ ಒಳಗೆ ಬಂದಿದ್ದಳು. ಎಲ್ಲರ ಎದುರು ಅವಳನ್ನು ಹೊರಗೆ ಕಳಿಸಿದವಳು ನಾನು. ನನ್ನ ಮನೆಗೆ ಬೇರೆ ಕಾನೂನಾ? ದೇವಿ ಕಾಯುತ್ತಾಳೆ, ಡಾಕ್ಟರೂ ಕಾಯಲಿ.

"ಆಯ್ತು ಬಿಡಮ್ಮ" ಅಂದ.

ಅಷ್ಟು ಬೇಗ ಒಪ್ಪುವವನಲ್ಲ...

ಜನವರಿ 20. ಮಂಗಳವಾರ

ಎಡಕ್ಕೆ.

ಬೆಳಿಗ್ಗೆಯಿಂದ ಉಪವಾಸ. ಅರ್ಚಕರು ಹೂ ಇಟ್ಟರು. ಬಹಳ ಹೊತ್ತು ಅಲುಗಲಿಲ್ಲ. ಮನಸ್ಸಲ್ಲೇ ಜಗಳ ಆಡಿದೆ — ಮೂರನ್ನೂ ಕೊಟ್ಟವಳು ನೀನು, ಈಗ ಒಂದನ್ನು ವಾಪಸು ಕೇಳುತ್ತೀಯಾ? ಆಗ ಬಿತ್ತು. ಇನ್ನೊಂದು ಸಲ ಕೇಳೋಣವಾ ಅಂದರು ಅರ್ಚಕರು, ನನ್ನ ಮುಖ ನೋಡಿ. ಬೇಡ ಅಂದೆ. ಉತ್ತರ ಹಿಡಿಸಲಿಲ್ಲ ಅಂತ ಮತ್ತೆ ಕೇಳಿದರೆ ಮೊದಲು ಕೇಳಿದ್ದೇ ಸುಳ್ಳಾಗುತ್ತದೆ.

ಹೊರಗೆ ಬಂದು ರವೀಶನಿಗೆ ಫೋನು ಮಾಡಿದೆ. "ಎಡಕ್ಕಾಯ್ತು. ಕರ್ಕೊಂಡು ಹೋಗು. ಎರಡಾದ್ರೂ ಉಳೀಲಿ. ಪಾಪ ನನ್ನ ತಲೆಗಿರ್ಲಿ."

ಆ ಕಡೆಯಿಂದ ಮಾತಿಲ್ಲ. ಅಳುತ್ತಿದ್ದಾನೆ ಅಂದುಕೊಂಡೆ. ಆಮೇಲೆ, ನಾಡಿದ್ದು ಹೋಗ್ತೀವಿ ಅಂದ.

ಬಸ್ಸಲ್ಲಿ ಕಿಟಕಿ ಕಡೆ ತಿರುಗಿ ಕೂತೆ. ಯಾರಿಗೂ ಮುಖ ತೋರಿಸಲಿಲ್ಲ.

ಜನವರಿ 24

ಸಾಗರಕ್ಕೆ ಹೋಗಿ ಬಂದೆ. ಹಾಸಿಗೆ ಹಿಡಿದಿರುತ್ತಾಳೆ ಅಂತ ಗಂಜಿಗೆ ಅಕ್ಕಿನುಚ್ಚು ಒಯ್ದಿದ್ದೆ. ಜಗುಲಿಯಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಮೊನ್ನೆಯಷ್ಟೇ ಆಗಿದ್ದು, ಆಗಲೇ ಎದ್ದು ಕೂತೆಯಾ ಅಂದೆ.

"ಎಲ್ಲಿ ಮೊನ್ನೆ ಅತ್ತೆ? ಸಂಕ್ರಾಂತಿ ದಿನ ಅಲ್ವಾ ಆಗಿದ್ದು?"

ಅಕ್ಕಿನುಚ್ಚಿನ ಗಂಟು ಕೆಳಗಿಟ್ಟು ಅವಳ ಪಕ್ಕ ಕೂತೆ.

"ಹದಿಮೂರಕ್ಕೆ ಹೂ ಎಡಕ್ಕಾಯ್ತು, ಅಮ್ಮ ಒಪ್ಪಿದ್ರು ಅಂದ್ರು ಇವ್ರು. ನಾನು ಹೂಂ ಅಂದಿದ್ದೇ ಅದಕ್ಕೆ. ನೀವು ಬೇಡ ಅಂತ ಒಂದು ಫೋನ್ ಮಾಡ್ತೀರೇನೋ ಅಂತ ಆಸ್ಪತ್ರೆ ಒಳಗೆ ಹೋಗೋವರ್ಗೂ ಕಾದೆ ಅತ್ತೆ."

ಸಂಕ್ರಾಂತಿಯ ಹಿಂದಿನ ದಿನ ರವೀಶನ ಕೈಯಲ್ಲಿ ಎಳ್ಳುಬೆಲ್ಲ ಕಳಿಸಿದ್ದೆ. ಇನ್ನೂ ಹುಟ್ಟದವಕ್ಕೆ ಅಂತ ಮೂರು ಪುಟ್ಟ ಪೊಟ್ಟಣ. ನನ್ನ ಮುಖ ನೋಡಿಕೊಂಡೇ ಜೇಬಿಗೆ ಹಾಕಿಕೊಂಡ.

ಅವಳಿಗೆ ಏನೂ ಹೇಳದೆ ಎದ್ದು ಬಂದೆ.

ಅದೇ ದಿನ, ಸಂಜೆ

ಕೇಳಿದೆ. ರವೀಶ ತಲೆ ತಗ್ಗಿಸುತ್ತಾನೆ ಅಂದುಕೊಂಡಿದ್ದೆ. ತಗ್ಗಿಸಲಿಲ್ಲ.

"ಕಾದಿದ್ರೆ ಮೂರೂ ಹೋಗ್ತಿತ್ತು, ಅವಳೂ ಹೋಗ್ತಿದ್ಲು. ಯಾರದೋ ಮನೆ ಸೂತಕ ಮುಗೀಲಿ ಅಂತ ಕೂತಿರ್ಬೇಕಿತ್ತಾ? ಆಮೇಲೆ ನಿನ್ನ ಹೂವೂ ಅದನ್ನೇ ಹೇಳ್ತಲ್ಲ."

ಅದೇ ಉರಿ. ಎರಡನ್ನು ಉಳಿಸಿದ, ಇಲ್ಲ ಅನ್ನುವುದಿಲ್ಲ. ಅಮ್ಮ, ನಿನ್ನ ಮಾತು ಕೇಳುವುದಿಲ್ಲ ಅಂತ ಎದುರು ನಿಂತು ಹೇಳಿದ್ದರೆ ಮಗ ಅನ್ನುತ್ತಿದ್ದೆ. ನಾನು ಬಾಯಿ ತೆರೆಯುವ ಮೊದಲೇ ನನ್ನ ಮಾತನ್ನು ಆಡಿ ಮುಗಿಸಿದ. ಆಗಿಹೋದದ್ದಕ್ಕೆ ನನ್ನನ್ನು ದೇವರ ಮುಂದೆ ಉಪವಾಸ ಕೂರಿಸಿದ.

ಫೆಬ್ರವರಿ 1. ಭಾನುವಾರ

ಧನ್ಯಶ್ರೀ ಅವನ ಜೊತೆ ಬಂದಳು. ಎರಡರ ಎದೆಬಡಿತವೂ ಚೆನ್ನಾಗಿದೆಯಂತೆ. ಊಟವಾದ ಮೇಲೆ ನನ್ನ ಕೋಣೆಗೆ ಬಂದು ಕೂತಳು. ಹೊಸನಗರದಲ್ಲಿ ಅವಳ ಚಿಕ್ಕಮ್ಮ ಇದ್ದಾಳೆ.

"ಹದಿಮೂರಕ್ಕೆ ದೇವಸ್ಥಾನ ಮುಚ್ಚಿತ್ತಂತೆ ಅತ್ತೆ. ಸೂತಕ ಅಂತೆ. ಮತ್ತೆ ಹೂ ಯಾವತ್ತು ಆಗಿದ್ದು? ಇವ್ರು ಸುಳ್ಳು ಹೇಳಿದ್ರೆ ನಾನು ಇವ್ರ ಜೊತೆ ಇರಲ್ಲ."

ಕೈ ಹೊಟ್ಟೆಯ ಮೇಲಿತ್ತು. ಮಗ ಬಾಗಿಲಲ್ಲಿ ನಿಂತು ನನ್ನ ಬಾಯನ್ನೇ ನೋಡುತ್ತಿದ್ದ. ಅವರು ನಾಲ್ಕು ಜೀವ. ನಾನು ಒಂದು. ಸೂಜಿಗೆ ಹತ್ತಿರ ಕೂತವಳೂ ನಾನೇ.

"ಹದಿಮೂರಕ್ಕೇ ಆಯ್ತು" ಅಂದೆ. "ಬಾಗಿಲು ನಾನೇ ತೆಗ್ಸಿದೆ."

"ಸೂತಕದಲ್ಲಿ?"

"ಹೂಂ."

ಹೊಟ್ಟೆಯ ಮೇಲಿನ ಕೈ ತೆಗೆದು ಸೆರಗು ಸರಿಮಾಡಿಕೊಂಡಳು.

"ಹೌದು. ನೀವು ತೆಗ್ಸ್ತೀರಿ ಅತ್ತೆ."

ನಂಬಿದಳು. ಅಷ್ಟು ಸುಲಭವಾಗಿ. ಎದ್ದು ನಾನು ಹರಿದಿಟ್ಟಿದ್ದ ಬಟ್ಟೆಯ ಎರಡು ಪಾಲು ತೆಗೆದುಕೊಂಡಳು. ಮೂರನೆಯದನ್ನು ನನ್ನ ಕಡೆ ಸರಿಸಿ ಹೋದಳು.

ರವೀಶ ಕಾಲು ಮುಟ್ಟಲು ಬಗ್ಗಿದ. ಎಳೆದುಕೊಂಡೆ.

ನಾಡಿದ್ದು ಮಂಗಳವಾರ. ಅಮ್ಮನವರ ಹತ್ತಿರ ಹೋಗಬೇಕು. ಸೂತಕದಲ್ಲಿ ನಾನೇ ಬಾಗಿಲು ತೆಗೆಸಿದ ಮಾತು ಧನ್ಯಶ್ರೀಯ ಚಿಕ್ಕಮ್ಮನ ಮೂಲಕ ಅಷ್ಟರಲ್ಲಿ ಅಲ್ಲಿಗೂ ಮುಟ್ಟಿರುತ್ತದೆ. ನಾನು ಹೊರಗೆ ಕಳಿಸಿದ್ದ ದುಗ್ಗಮ್ಮನೂ ಬಂದಿರುತ್ತಾಳೆ. ಅವಳ ಎದುರು ನಾನು ಒಳಗೆ ಕಾಲಿಟ್ಟರೆ...